ಕಾಯಿಲೆಯೂ ನಿಜ, ತಪ್ಪೂ ನಿಜ: ರೆಬೆಕ್ಕಾ ಬಂಚ್ ಪ್ರಕರಣ

ರೆಬೆಕ್ಕಾ ಬಂಚ್ ನ್ಯಾಯಾಧೀಶರ ಮುಂದೆ ನಿಂತಿದ್ದಾಳೆ. ಓದಿದ್ದು ಹಾರ್ವರ್ಡ್ ಮತ್ತು ಯೇಲ್‌ನಲ್ಲಿ, ವೃತ್ತಿ ವಕಾಲತ್ತು. ಇವತ್ತು ಮಾತ್ರ ಆರೋಪಿಯ ಜಾಗ ಅವಳದ್ದೇ, ಮೇಲಿರುವುದು ಕೊಲೆ ಯತ್ನದ ಆರೋಪ. ಬಚಾವಾಗುವ ದಾರಿ ತಯಾರಾಗಿದೆ: ಕೃತ್ಯ ನಡೆದಾಗ ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಎಂದು ವಾದಿಸುವುದು. ಅವಳಿಗೆ ಮನೋರೋಗ ಇರುವುದು ಸುಳ್ಳಲ್ಲ. ಆಸ್ಪತ್ರೆಯ ದಾಖಲೆಗಳಿವೆ, ರೋಗಕ್ಕೆ ಹೆಸರಿದೆ. ಒಂದು ಮಾತು ಹೇಳಿದರೆ ಮನೆಗೆ ಹೋಗಬಹುದಾಗಿತ್ತು. ಆ ಮಾತನ್ನು ಅವಳು ಹೇಳುವುದಿಲ್ಲ. ನಾನು ಮಾಡಿದ್ದಕ್ಕೆ ನಾನೇ ಹೊಣೆ ಎನ್ನುತ್ತಾಳೆ. ಕಾನೂನಿನಲ್ಲಿ ಅಂಥದ್ದೊಂದು ಉತ್ತರಕ್ಕೆ ಜಾಗವಿಲ್ಲ ಎಂದಾಗ ತಪ್ಪೊಪ್ಪಿಕೊಳ್ಳುತ್ತಾಳೆ.

ಇದು ‘ಕ್ರೇಜಿ ಎಕ್ಸ್-ಗರ್ಲ್‌ಫ್ರೆಂಡ್’ ಎಂಬ ಅಮೆರಿಕನ್ ಸರಣಿಯ ಮೂರನೇ ಸೀಸನ್ನಿನ ಕೊನೆಯ ಕಂತು. ಪ್ರಸಾರವಾದದ್ದು 2018ರ ಫೆಬ್ರವರಿಯಲ್ಲಿ. ರೇಚಲ್ ಬ್ಲೂಮ್ ಮತ್ತು ಅಲೀನ್ ಬ್ರಾಶ್ ಮೆಕೆನ್ನಾ ಸೇರಿ ರೂಪಿಸಿದ ಈ ಸರಣಿ ಸಿಡಬ್ಲ್ಯೂ ವಾಹಿನಿಯಲ್ಲಿ 2015ರ ಅಕ್ಟೋಬರ್‌ನಿಂದ 2019ರ ಏಪ್ರಿಲ್‌ವರೆಗೆ ನಾಲ್ಕು ಸೀಸನ್ ನಡೆಯಿತು. ನೋಡುಗರ ಸಂಖ್ಯೆ ಯಾವಾಗಲೂ ಕಡಿಮೆಯೇ. ಆದರೆ ರೆಬೆಕ್ಕಾಳ ಪಾತ್ರವನ್ನು ತಾನೇ ಮಾಡಿದ ಬ್ಲೂಮ್ 2016ರಲ್ಲಿ ಗೋಲ್ಡನ್ ಗ್ಲೋಬ್ ಗೆದ್ದಳು. ಇದು ಹಾಡುಗಳಿರುವ ಹಾಸ್ಯ ಸರಣಿ. ಕಂತಿಗೆ ಎರಡು ಮೂರು ಹಾಡು, ಒಟ್ಟು ನೂರೈವತ್ತಕ್ಕೂ ಹೆಚ್ಚು. ಹೆಚ್ಚಿನವು ಬ್ಲೂಮ್, ಆಡಮ್ ಶ್ಲೆಸಿಂಗರ್, ಜ್ಯಾಕ್ ಡಾಲ್ಗನ್ ಸೇರಿ ಕಟ್ಟಿದವು. ಆ ಹಾಡುಗಳನ್ನು ಈ ಪ್ರಕರಣದ ಸಾಕ್ಷ್ಯವೆಂದೇ ನಾನು ಓದುತ್ತೇನೆ, ಏಕೆಂದರೆ ರೆಬೆಕ್ಕಾ ಬಾಯಿಬಿಟ್ಟು ಹೇಳಿಕೊಳ್ಳಲಾಗದ್ದೆಲ್ಲ ಅಲ್ಲಿದೆ.

ಮೊದಲು ನಡೆದದ್ದೇನು ಎಂದು ನೋಡೋಣ. ನ್ಯೂಯಾರ್ಕ್‌ನಲ್ಲಿ ದೊಡ್ಡ ಸಂಬಳದ ಕೆಲಸ, ಪಾರ್ಟ್‌ನರ್ ಆಗುವ ಹೊತ್ತು. ಹದಿಹರೆಯದಲ್ಲಿ ಬೇಸಿಗೆ ಶಿಬಿರವೊಂದರಲ್ಲಿ ಕೆಲ ದಿನ ಜೊತೆಗಿದ್ದ ಜಾಶ್ ಚಾನ್ ಬೀದಿಯಲ್ಲಿ ಎದುರಾಗುತ್ತಾನೆ. ತಾನು ಕ್ಯಾಲಿಫೋರ್ನಿಯಾದ ವೆಸ್ಟ್ ಕೊವಿನಾ ಎಂಬ ತನ್ನ ಊರಿಗೆ ಮರಳುತ್ತಿದ್ದೇನೆ ಎನ್ನುತ್ತಾನೆ. ರೆಬೆಕ್ಕಾ ಕೆಲಸ ಬಿಟ್ಟು ಅದೇ ಊರಿಗೆ ಮನೆ ಬದಲಾಯಿಸುತ್ತಾಳೆ. ಜಾಶ್‌ಗಾಗಿ ಬಂದದ್ದಲ್ಲ, ಊರು ಹಿಡಿಸಿತು ಎಂದು ಕಂಡಕಂಡವರಿಗೆ ಹೇಳುತ್ತಾಳೆ, ತನಗೂ ಹೇಳಿಕೊಳ್ಳುತ್ತಾಳೆ. ವೈದ್ಯರು ಬರೆದುಕೊಟ್ಟಿದ್ದ ಮಾತ್ರೆಗಳನ್ನು ಸಿಂಕಿಗೆ ಸುರಿಯುತ್ತಾಳೆ. ಮೊದಲ ಕಂತಿನಲ್ಲಿ ಈ ದೃಶ್ಯ ಕ್ಷಣಮಾತ್ರ ಬಂದು ಹೋಗುತ್ತದೆ, ನಗುವಿನ ಮಧ್ಯೆ. ಅದರ ಲೆಕ್ಕ ಚುಕ್ತಾ ಆಗಲು ನಾಲ್ಕು ಸೀಸನ್ ಬೇಕಾಗುತ್ತದೆ.

ಆಮೇಲಿನ ಪಟ್ಟಿ ಉದ್ದವಿದೆ. ಜಾಶ್‌ನ ಗೆಳತಿ ವ್ಯಾಲೆನ್ಸಿಯಾಳ ಹಿಂದೆ ಬೀಳುತ್ತಾಳೆ. ಜಾಶ್‌ಗೆ ತಪ್ಪಾಗಿ ಹೋದ ಒಂದು ಮೆಸೇಜನ್ನು ಅಳಿಸಲು ಅವನ ಮನೆಗೇ ನುಗ್ಗುತ್ತಾಳೆ, ಸಿಕ್ಕಿಬಿದ್ದಾಗ ತನ್ನ ಮನೆಗೆ ಕಳ್ಳ ಬಂದಿದ್ದ ಎಂದು ಕಥೆ ಕಟ್ಟುತ್ತಾಳೆ. ಆಫೀಸಿನ ಸಹೋದ್ಯೋಗಿ ಪೌಲಾ ಇದಕ್ಕೆಲ್ಲ ಕೈಜೋಡಿಸುತ್ತಾಳೆ. ಪೌಲಾ ಒಳ್ಳೆಯ ಗೆಳತಿ, ಆದರೆ ಸಪ್ಪೆಯಾದ ಬದುಕಿಗೆ ರೆಬೆಕ್ಕಾಳ ಪ್ರೇಮಕಥೆಯ ಒಗ್ಗರಣೆ ಅವಳಿಗೂ ಬೇಕಾಗಿತ್ತು.

ಇಲ್ಲಿ ಶೀರ್ಷಿಕೆ ಗೀತೆಗಳನ್ನು ಗಮನಿಸಬೇಕು. ಪ್ರತಿ ಸೀಸನ್ನಿಗೂ ಬೇರೆ ಗೀತೆ. ಮೊದಲನೆಯದರಲ್ಲಿ ಹಿಮ್ಮೇಳದವರು ಅವಳನ್ನು ಹುಚ್ಚಿ ಎಂದಾಗ ಅವಳು ಮಧ್ಯೆ ಬಾಯಿ ಹಾಕಿ, ವಿಷಯ ಅಷ್ಟು ಸರಳವಲ್ಲ ಎನ್ನುತ್ತಾಳೆ. ಎರಡನೇ ಸೀಸನ್ನಿನದು ಇನ್ನೂ ಮುಖ್ಯ. 1930ರ ದಶಕದ ಹಾಲಿವುಡ್ ಸಂಗೀತ ಚಿತ್ರಗಳ ಮಾದರಿ, ಸುತ್ತಲೂ ನರ್ತಕಿಯರು, ನಡುವೆ ಗೊಂಬೆಯಂತೆ ರೆಬೆಕ್ಕಾ. ನಾನು ಪ್ರೀತಿಯಲ್ಲಿ ಬಿದ್ದ ಹುಡುಗಿ, ನಾನು ಮಾಡಿದ್ದಕ್ಕೆ ನನ್ನನ್ನು ಹೊಣೆ ಮಾಡುವಂತಿಲ್ಲ ಎಂದು ಹಾಡುತ್ತಾಳೆ. ಎಷ್ಟು ಮುದ್ದಾಗಿ ಹಾಡುತ್ತಾಳೆಂದರೆ ಕೇಳುವವರು ತಲೆದೂಗಿಬಿಡುತ್ತಾರೆ. ನಮ್ಮ ಸಿನಿಮಾಗಳಲ್ಲೂ ಪ್ರೀತಿಯ ಹೆಸರಿನಲ್ಲಿ ಹಿಂಬಾಲಿಸುವುದು, ಮನೆ ಮುಂದೆ ಕಾಯುವುದು, ಮದುವೆ ಮುರಿಯುವುದು ಎಲ್ಲ ಮಾಫಿ ಆಗುತ್ತಲೇ ಬಂದಿದೆ. ಅಲ್ಲಿ ಹೆಚ್ಚಾಗಿ ಗಂಡಸು, ಇಲ್ಲಿ ಹೆಂಗಸು ಅನ್ನುವುದಷ್ಟೇ ವ್ಯತ್ಯಾಸ. ಆ ಮಾಫಿಯ ಕಾಗದವನ್ನೇ ಈ ಸರಣಿ ಹಾಡು ಮಾಡಿ ಪ್ರತಿ ವಾರ ನಮ್ಮ ಮುಂದೆ ಓದುತ್ತದೆ.

ಹೊಣೆ ತಪ್ಪಿಸಿಕೊಳ್ಳಲು ಅವಳಿಗೆ ಇನ್ನೊಂದು ದಾರಿಯೂ ಇದೆ, ಮೇಲ್ನೋಟಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು. ಕಳ್ಳ ಬಂದ ಕಥೆ ಬಯಲಾಗಿ ಜಾಶ್ ಬೇಸರದಿಂದ ಹೊರಟುಹೋದ ಮೇಲೆ ರೆಬೆಕ್ಕಾ ಒಬ್ಬಳೇ ಉಳಿಯುತ್ತಾಳೆ. ಅಲ್ಲಿ ಬರುವ ಹಾಡು ದೊಡ್ಡ ಗಾಯಕಿಯೊಬ್ಬಳ ಸಂಗೀತ ಕಛೇರಿಯಂತಿದೆ. ಅವಳು ವೇದಿಕೆಯ ಮೇಲೆ ನಿಂತು ತನ್ನನ್ನೇ ಹೀನಾಯವಾಗಿ ಬೈದುಕೊಳ್ಳುತ್ತಾಳೆ, ಕಲ್ಪನೆಯ ಪ್ರೇಕ್ಷಕರು ಆ ಬೈಗುಳಕ್ಕೆ ದನಿಗೂಡಿಸುತ್ತಾರೆ, ಅವಳು ಮೈಕನ್ನು ಅವರತ್ತ ಚಾಚುತ್ತಾಳೆ. ಎಲ್ಲರಿಗೂ ಸಾಲುಗಳು ಬಾಯಿಪಾಠ, ಅಂದರೆ ಈ ಹಾಡು ಹಳೆಯದು, ಅವಳ ತಲೆಯೊಳಗೆ ವರ್ಷಗಳಿಂದ ನಡೆಯುತ್ತಿರುವ ಕಛೇರಿ. ಮನಸ್ಸಿನ ಕಾಯಿಲೆಯನ್ನು ಇಷ್ಟು ಹತ್ತಿರದಿಂದ ತೋರಿಸಿದ ದೃಶ್ಯಗಳನ್ನು ನಾನು ಹೆಚ್ಚು ನೋಡಿಲ್ಲ. ಆದರೆ ಇಷ್ಟೆಲ್ಲ ಬೈದುಕೊಂಡ ಮೇಲೂ ಅವಳು ಜಾಶ್‌ಗೆ ಏನು ಅನ್ಯಾಯವಾಯಿತು ಎಂದು ಒಂದು ಕ್ಷಣವೂ ಯೋಚಿಸುವುದಿಲ್ಲ. ತನ್ನನ್ನು ಹಳಿದುಕೊಳ್ಳುವುದರಲ್ಲಿ ಎಷ್ಟು ಮುಳುಗಿದ್ದಾಳೆಂದರೆ ನೋವುಂಡವನು ಚಿತ್ರದಲ್ಲೇ ಇಲ್ಲ. ಪಶ್ಚಾತ್ತಾಪದಂತೆ ಕಾಣುವ ಇದು ಪಶ್ಚಾತ್ತಾಪವಲ್ಲ. ಮನೋರೋಗ ಇರುವವರ ಜೊತೆ ಬಾಳಿದವರಿಗೆ ಇದರ ಗುರುತು ಸಿಗುತ್ತದೆ: ತಪ್ಪನ್ನು ಎತ್ತಿ ಆಡಿದ ಕೂಡಲೇ ಅವರು ಕುಸಿದುಬೀಳುತ್ತಾರೆ, ನೋವುಂಡವರೇ ಸಮಾಧಾನ ಹೇಳಬೇಕಾಗುತ್ತದೆ, ಮೂಲ ವಿಷಯ ಅಲ್ಲಿಗೆ ಮುಚ್ಚಿಹೋಗುತ್ತದೆ.

ಎರಡನೇ ಸೀಸನ್ನಿನ ಕೊನೆಯಲ್ಲಿ ರೆಬೆಕ್ಕಾಳ ಜೊತೆಗಿನ ಮದುವೆಯ ದಿನವೇ ಜಾಶ್ ಕೈಕೊಡುತ್ತಾನೆ, ಪಾದ್ರಿಯಾಗಲು ಹೊರಡುತ್ತಾನೆ. ಅದೇ ಕಂತಿನಲ್ಲಿ ಹಳೆಯ ಕಥೆಯೂ ಹೊರಬೀಳುತ್ತದೆ. ಓದುವ ಕಾಲದಲ್ಲಿ ರಾಬರ್ಟ್ ಎಂಬ ವಿವಾಹಿತ ಪ್ರಾಧ್ಯಾಪಕನ ಜೊತೆ ಸಂಬಂಧವಿತ್ತು. ಅವನು ಬಿಟ್ಟಾಗ ರೆಬೆಕ್ಕಾ ಅವನ ಮನೆಯಲ್ಲಿ ಬೆಂಕಿ ಹಚ್ಚಿದ್ದಳು. ಕೋರ್ಟು ಜೈಲಿನ ಬದಲು ಮಾನಸಿಕ ಚಿಕಿತ್ಸಾಲಯಕ್ಕೆ ಕಳಿಸಿತ್ತು. ಪ್ರೀತಿಯ ಹುಚ್ಚಾಟ ಎಂದು ನಾವು ಎರಡು ಸೀಸನ್ ನಕ್ಕಿದ್ದು ಈಗ ನುಂಗಲಾರದ ತುತ್ತಾಗುತ್ತದೆ. ಅವಳಿಗೆ ಮೊದಲಿನಿಂದಲೂ ಹುಷಾರಿರಲಿಲ್ಲ, ಮೊದಲಿನಿಂದಲೂ ಅವಳಿಂದ ಅಪಾಯವಿತ್ತು.

ಮೂರನೇ ಸೀಸನ್ನಿನಲ್ಲಿ ಜಾಶ್ ಈ ದಾಖಲೆಯನ್ನು ಅವಳ ಗೆಳತಿಯರ ಮುಂದಿಡುತ್ತಾನೆ. ಪೌಲಾ, ಅಷ್ಟರಲ್ಲಿ ಗೆಳತಿಯಾಗಿದ್ದ ವ್ಯಾಲೆನ್ಸಿಯಾ, ಹೆದರ್ ಮೂವರೂ ಸಹಾಯ ಮಾಡುತ್ತೇವೆ ಎಂದು ಕೂರುತ್ತಾರೆ. ರೆಬೆಕ್ಕಾ ಒಬ್ಬೊಬ್ಬರ ದುರ್ಬಲ ಜಾಗ ಹುಡುಕಿ ಚುಚ್ಚುತ್ತಾಳೆ. ಹತ್ತಿರದವರಿಗೆ ಮಾತ್ರ ಗೊತ್ತಿರುವ ಜಾಗಗಳು ಅವು. ಈ ದೃಶ್ಯಕ್ಕೆ ಹಾಡಿನ ಮುಸುಕಿಲ್ಲ. ಎಲ್ಲರೂ ಎದ್ದುಹೋಗುತ್ತಾರೆ. ಅಂದೇ ರಾತ್ರಿ ಹಳೆಯ ಗೆಳೆಯ ಗ್ರೆಗ್‌ನ ತಂದೆಯ ಜೊತೆ ಅವಳು ಮಲಗುತ್ತಾಳೆ. ಯಾಕೆ ಎಂದು ಅವಳಿಗೇ ಗೊತ್ತಿಲ್ಲ.

2017ರ ನವೆಂಬರ್‌ನಲ್ಲಿ ಬಂದ ಮುಂದಿನ ಕಂತು ಅವಳ ಆತ್ಮಹತ್ಯೆಯ ಯತ್ನದ್ದು. ನ್ಯೂಯಾರ್ಕಿನ ತಾಯಿಯ ಮನೆಯಿಂದ ವಾಪಸು ಬರುವ ವಿಮಾನದಲ್ಲಿ ನಡೆಯುತ್ತದೆ. ಹಾಸ್ಯ ಸರಣಿ ಇಲ್ಲಿ ಹಾಸ್ಯವನ್ನು ಬದಿಗಿಟ್ಟು, ಎಲ್ಲೂ ಅತಿ ಮಾಡದೆ ನಡೆದುಕೊಳ್ಳುತ್ತದೆ. ಕೊನೆ ಗಳಿಗೆಯಲ್ಲಿ ರೆಬೆಕ್ಕಾ ಗಗನಸಖಿಯನ್ನು ಕರೆದು ನೆರವು ಕೇಳುತ್ತಾಳೆ. ಸರಣಿಯುದ್ದಕ್ಕೂ ಅವಳು ಮಾಡಿದ ಮೊದಲ ಜವಾಬ್ದಾರಿಯ ಕೆಲಸ ಇದೇ ಎಂದು ನನ್ನ ಭಾವನೆ. (ಇದನ್ನು ಓದುವವರಲ್ಲಿ ಯಾರಿಗಾದರೂ ಅಂಥ ಗಳಿಗೆ ಹತ್ತಿರ ಬಂದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ.)

ಆಸ್ಪತ್ರೆಯಲ್ಲಿ ವೈದ್ಯರು, ಇಷ್ಟು ದಿನ ನಿಮ್ಮ ಕಾಯಿಲೆಯನ್ನು ತಪ್ಪಾಗಿ ಗುರುತಿಸಲಾಗಿತ್ತು, ಹೊಸದಾಗಿ ನೋಡೋಣ ಎನ್ನುತ್ತಾರೆ. ಆಗ ರೆಬೆಕ್ಕಾ ಹಾಡುವ ಹಾಡಿನಲ್ಲಿ ಹಬ್ಬದ ಸಡಗರವಿದೆ. ಕೊನೆಗೂ ತನ್ನ ಕಷ್ಟಕ್ಕೆ ಒಂದು ಹೆಸರು, ತನ್ನಂಥವರ ಒಂದು ಗುಂಪು, ನುಂಗಲು ಸರಿಯಾದ ಒಂದು ಮಾತ್ರೆ! ಆ ಹೆಸರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಚಿಕ್ಕದಾಗಿ ಬಿಪಿಡಿ. ಅವಳು ಫೋನಿನಲ್ಲಿ ಹುಡುಕುತ್ತಾಳೆ. ಕಾಣುವುದು ಭಯ ಹುಟ್ಟಿಸುತ್ತದೆ: ವಾಸಿಯಾಗುವುದು ಕಷ್ಟ, ಒಂದು ಮಾತ್ರೆಗೆ ಬಗ್ಗುವುದಿಲ್ಲ, ಇಂಥವರಿಂದ ದೂರವಿರಿ. ಓಡಿಹೋಗಿ ತನ್ನ ಹಳೆಯ ಥೆರಪಿಸ್ಟ್ ಡಾಕ್ಟರ್ ಅಕೋಪಿಯನ್ ಮುಂದೆ ನಿಂತು, ಬೇರೇನಾದರೂ ಹೇಳಿ ಎಂದು ಗೋಗರೆಯುತ್ತಾಳೆ. ಅಕೋಪಿಯನ್ ವಾದ ಮಾಡುವುದಿಲ್ಲ. ಪುಸ್ತಕ ತೆಗೆದು ಲಕ್ಷಣಗಳನ್ನು ಒಂದೊಂದಾಗಿ ಓದುತ್ತಾಳೆ. ಬಿಟ್ಟುಹೋಗುತ್ತಾರೆಂಬ ಭಯ, ಅದನ್ನು ತಡೆಯಲು ಏನು ಬೇಕಾದರೂ ಮಾಡುವುದು. ಒಬ್ಬರನ್ನೇ ಇವತ್ತು ದೇವರೆಂದು, ನಾಳೆ ದೆವ್ವವೆಂದು ಕಾಣುವುದು. ತಾನು ಯಾರು ಎಂಬುದೇ ನಿಲ್ಲದಿರುವುದು. ಒಳಗಿನ ಖಾಲಿತನ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಒಟ್ಟು 9 ಲಕ್ಷಣಗಳಿವೆ, 5 ಇದ್ದರೆ ರೋಗ ಎನ್ನಬಹುದು. ಅವಳು ಓದುತ್ತಿದ್ದಂತೆ ರೆಬೆಕ್ಕಾಳ ಮುಖ ಬದಲಾಗುತ್ತದೆ. ಪ್ರತಿ ಸಾಲಿಗೂ ನಮ್ಮ ಕಣ್ಣ ಮುಂದೆ ಒಂದು ಹಿಂದಿನ ಕಂತು ಹಾದುಹೋಗುತ್ತದೆ. ಜಾಶ್‌ನ ಮನೆಗೆ ನುಗ್ಗಿದ್ದು, ರಾಬರ್ಟ್‌ನ ಮನೆಯ ಬೆಂಕಿ, ಗೆಳತಿಯರಿಗೆ ಚುಚ್ಚಿದ್ದು, ಎಲ್ಲಕ್ಕೂ ಆ ಪುಟದಲ್ಲಿ ಜಾಗವಿದೆ.

ನಮ್ಮವರಿಗೆ ಇಲ್ಲಿ ‘ಶರಪಂಜರ’ ನೆನಪಾಗದೆ ಇರದು. ತ್ರಿವೇಣಿಯವರ ಕಾದಂಬರಿ, 1971ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರ, ಕಾವೇರಿಯಾಗಿ ಕಲ್ಪನಾ. ಬಾಣಂತಿಯ ಸನ್ನಿಯಿಂದ ಗುಣವಾಗಿ ಮನೆಗೆ ಬಂದವಳನ್ನು ಗಂಡ, ನೆಂಟರು, ನೆರೆಹೊರೆ ಎಲ್ಲ ಸೇರಿ ಮತ್ತೆ ಹುಚ್ಚಿಯಾಗಿಸುತ್ತಾರೆ. ಅಲ್ಲಿ ತಪ್ಪು ಸಮಾಜದ್ದು, ಕಾವೇರಿ ನಿರ್ದೋಷಿ. ಆ ಚಿತ್ರ ಕನ್ನಡಿಗರಲ್ಲಿ ಹುಟ್ಟಿಸಿದ ಕನಿಕರ ದೊಡ್ಡದು, ಅದರ ಅಗತ್ಯ ಇವತ್ತಿಗೂ ಇದೆ. ಆದರೆ ಮನೋರೋಗಿ ನಿರ್ದೋಷಿಯಾಗಿದ್ದರೆ ಮಾತ್ರ ಕನಿಕರ ಎನ್ನುವ ಷರತ್ತು ನಮಗೆ ತಿಳಿಯದಂತೆ ಅದರ ಜೊತೆ ಸೇರಿಕೊಂಡಿದೆ. ಕಾಯಿಲೆಯ ಭರದಲ್ಲಿ ನಿಜವಾಗಿ ಇತರರನ್ನು ನೋಯಿಸಿದವಳಿಗೆ ಯಾವ ಜಾಗ? ರೆಬೆಕ್ಕಾ ಆ ಪ್ರಶ್ನೆ. ಅವಳ ಮೇಲೆ ಕನಿಕರ ಪಡಲು ಅವಳನ್ನು ನಿರ್ದೋಷಿ ಮಾಡಬೇಕಿಲ್ಲ ಎಂದು ಈ ಸರಣಿ ತೋರಿಸಿದ್ದು ನನಗೆ ಅದರ ಎಲ್ಲ ಪ್ರಶಸ್ತಿಗಳಿಗಿಂತ ದೊಡ್ಡದು.

ರೋಗದ ಹೆಸರು ಸಿಕ್ಕಿತು, ಚಿಕಿತ್ಸೆ ಶುರುವಾಯಿತು, ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡರೆ ಹಾಗಾಗುವುದಿಲ್ಲ. ರೆಬೆಕ್ಕಾ ಮತ್ತೆ ಜಾರುತ್ತಾಳೆ, ಈ ಬಾರಿ ಕೈಯಲ್ಲಿ ಹೊಸ ನೆಪ ಹಿಡಿದು. ಮೂರನೇ ಸೀಸನ್ನಿನ ಕೊನೆಯ ಕಂತಿನಲ್ಲಿ ಅವಳೂ ಅವಳ ಆಫೀಸಿನ ಬಾಸ್ ನಥಾನಿಯಲ್‌ನೂ ಒಂದು ಯುಗಳಗೀತೆ ಹಾಡುತ್ತಾರೆ. ಯಾರು ಏನು ಮಾಡಿದರೂ ಅದು ಅವರ ತಪ್ಪಲ್ಲ, ಬಾಲ್ಯದಲ್ಲಿ ಅಪ್ಪ ಅಮ್ಮ ಮಾಡಿದ ಗಾಯ ಅದು, ಹಿಟ್ಲರನಿಗೂ ಅಷ್ಟೇ ಎನ್ನುವ ಧಾಟಿ. ರಾಗ ಮಧುರ, ಇಬ್ಬರ ಮುಖದಲ್ಲೂ ನೆಮ್ಮದಿ. ರೆಬೆಕ್ಕಾಳ ಅಪ್ಪ ಮನೆ ಬಿಟ್ಟುಹೋದದ್ದು ನಿಜ, ತಾಯಿಯ ಬಿಗಿಮುಷ್ಟಿಯೂ ನಿಜ. ಆದರೆ ಥೆರಪಿಯಲ್ಲಿ ಕಲಿತ ಮಾತುಗಳನ್ನೇ ಕೈ ತೊಳೆದುಕೊಳ್ಳುವ ನೀರು ಮಾಡಿಕೊಳ್ಳುವುದು ಹೇಗೆ ಎನ್ನುವುದನ್ನು ಈ ಒಂದು ಹಾಡು ತೋರಿಸುತ್ತದೆ. ಇವತ್ತು ಮನಸ್ಸಿನ ಆರೋಗ್ಯದ ಮಾತು ನಮ್ಮ ಆಫೀಸುಗಳಲ್ಲಿ, ಮನೆಗಳಲ್ಲಿ ಹರಡುತ್ತಿದೆ. ಹರಡಲಿ. ಜೊತೆಗೆ ಈ ಹಾಡನ್ನೂ ಕೇಳಬೇಕು.

ಅದೇ ಕಂತಿನಲ್ಲಿ ಟ್ರೆಂಟ್ ಬರುತ್ತಾನೆ. ರೆಬೆಕ್ಕಾಳ ಜೊತೆ ಓದಿದವನು, ಅವಳು ಜಾಶ್‌ನ ಬೆನ್ನು ಹತ್ತಿದಂತೆ ಅವಳ ಬೆನ್ನು ಹತ್ತಿದವನು. ನಥಾನಿಯಲ್‌ನನ್ನು ಇರಿಯಲು ಚಾಕು ಹಿಡಿದು ಬಂದ ಅವನನ್ನು ರೆಬೆಕ್ಕಾ ತಳ್ಳುತ್ತಾಳೆ, ಅವನು ಮಹಡಿಯಿಂದ ಬೀಳುತ್ತಾನೆ. ಮೊದಲು ಹೇಳಿದ ಕೋರ್ಟಿನ ದೃಶ್ಯ ಇದರ ಫಲ.

ಇಲ್ಲಿ ಕಾನೂನನ್ನು ಸ್ವಲ್ಪ ನೋಡಬೇಕು. ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಎಂಬ ವಾದದ ಬೇರು 1843ರ ಇಂಗ್ಲೆಂಡಿನ ಮ್ಯಾಕ್‌ನಾಟನ್ ಪ್ರಕರಣದಲ್ಲಿದೆ. ತಾನು ಏನು ಮಾಡುತ್ತಿದ್ದೇನೆ, ಅದು ತಪ್ಪೇ ಸರಿಯೇ ಎಂದು ತಿಳಿಯುವ ಶಕ್ತಿ ಆ ಹೊತ್ತಿಗೆ ಇತ್ತೇ ಎಂಬುದು ಅಳತೆ. ನಮ್ಮ ದಂಡ ಸಂಹಿತೆಯ 84ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಅದೇ ಜಾಡಿನವು. ಕ್ಯಾಲಿಫೋರ್ನಿಯಾದ ಅಳತೆಯೂ ಅದೇ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೇವಲ ವ್ಯಕ್ತಿತ್ವದ ಕಾಯಿಲೆಯ ಆಧಾರದ ಮೇಲೆ ಈ ವಾದವನ್ನು ಒಪ್ಪುವಂತಿಲ್ಲ ಎಂದು ಅಲ್ಲಿನ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಬಿಪಿಡಿ ಅಂಥ ಕಾಯಿಲೆ. ಹಾಗಾಗಿ ಸರಣಿ ತೋರಿಸುವಷ್ಟು ಸಲೀಸಾದ ದಾರಿ ಅದಾಗಿರಲಿಲ್ಲ. ಇನ್ನೊಂದು ಕಡೆ, ಇರಿಯಲು ಬಂದವನಿಂದ ಒಬ್ಬನನ್ನು ಕಾಪಾಡಲು ತಳ್ಳಿದ್ದು ಅವಳು ಮಾಡಿದ್ದರಲ್ಲೆಲ್ಲ ಅತ್ಯಂತ ಕಡಿಮೆ ದೋಷದ ಕೆಲಸ. ಆತ್ಮರಕ್ಷಣೆಯಂತೆ ಇತರರ ರಕ್ಷಣೆಗೂ ಕಾನೂನಿನಲ್ಲಿ ಬೆಲೆಯಿದೆ. ಶಿಕ್ಷೆಯಾಗದೆ ಉಳಿದ ಎಲ್ಲ ತಪ್ಪುಗಳ ಲೆಕ್ಕವನ್ನೂ ಅವಳು ಈ ಒಂದರ ಮೇಲೆ ಹೇರಿ ತಪ್ಪೊಪ್ಪಿಕೊಳ್ಳುತ್ತಾಳೆ.

ನೋಡಿದಾಗ ಕಣ್ಣು ತುಂಬುವ ದೃಶ್ಯ ಅದು. ಸೀಸನ್ ಅಲ್ಲಿಗೆ ಮುಗಿದಿದ್ದರೆ ನಾವು ಅದನ್ನೇ ಹೊಣೆಗಾರಿಕೆ ಎಂದು ನಂಬಿಬಿಡುತ್ತಿದ್ದೆವು. ನಾಲ್ಕನೇ ಸೀಸನ್ ನಂಬಲು ಬಿಡುವುದಿಲ್ಲ. ಜೈಲಿನಿಂದ ಹೊರಬರುವ ದಾರಿಯಿದ್ದರೂ ರೆಬೆಕ್ಕಾ ಒಳಗೇ ಇರಲು ಬಯಸುತ್ತಾಳೆ. ಅಲ್ಲಿನ ಹೆಂಗಸರ ಕಥೆಗಳು ರೋಚಕವಾಗಿರುತ್ತವೆ ಎಂದುಕೊಂಡು ಹಾಡು ಶುರುಮಾಡುತ್ತಾಳೆ. ಅವರದ್ದು ಬಡತನದ, ಸಣ್ಣಪುಟ್ಟ ಅಪರಾಧಗಳ ಸಾದಾ ಕಥೆಗಳು. ಅವರಿಗೆ ಒಳಗಿರುವುದು ಆಯ್ಕೆಯಲ್ಲ. ಶಿಕ್ಷೆಯನ್ನು ಆರಿಸಿಕೊಳ್ಳುವುದು ಕೂಡ ಉಳ್ಳವರ ಸವಲತ್ತು ಎಂದು ಅಲ್ಲಿ ಗೊತ್ತಾಗುತ್ತದೆ. ಕೋರ್ಟಿನ ಆ ತ್ಯಾಗವೂ ಹಳೆಯ ಬೈಗುಳದ ಕಛೇರಿಯ ಮುಂದುವರಿಕೆಯೇ ಆಗಿತ್ತು, ಮಧ್ಯದಲ್ಲಿ ಮತ್ತೆ ಅವಳೊಬ್ಬಳೇ.

ಹಾಗಾದರೆ ಹೊಣೆ ಹೊರುವುದು ಎಂದರೇನು? ನಾಲ್ಕನೇ ಸೀಸನ್ನಿನ ಉತ್ತರ ಸಣ್ಣ ಸಣ್ಣ ಕೆಲಸಗಳಲ್ಲಿದೆ. ಗುಂಪು ಚಿಕಿತ್ಸೆಗೆ ಹೋಗಿ ಕೂರುವುದು, ಒಲ್ಲದ ವಕಾಲತ್ತು ಬಿಟ್ಟು ಪ್ರೆಟ್ಜೆಲ್ ಅಂಗಡಿ ನಡೆಸುವುದು, ಗ್ರೆಗ್ ಊರಿಗೆ ಮರಳಿದಾಗ ಅವನ ತಂದೆಯ ವಿಷಯವನ್ನು ಎದುರಿಸುವುದು. ಬಿಪಿಡಿಗೆ ಹೆಚ್ಚು ಬಳಕೆಯಲ್ಲಿರುವ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯ ತಿರುಳೂ ಇದಕ್ಕೆ ಹತ್ತಿರ. ಅದನ್ನು ರೂಪಿಸಿದ ಮಾರ್ಷಾ ಲಿನೆಹಾನ್ ತಾನೂ ಹರೆಯದಲ್ಲಿ ಮಾನಸಿಕ ಆಸ್ಪತ್ರೆಯಲ್ಲಿದ್ದವಳು ಎಂದು 2011ರಲ್ಲಿ ಬಹಿರಂಗವಾಗಿ ಹೇಳಿದಳು. ನಿನ್ನ ಕಷ್ಟಗಳೆಲ್ಲ ನೀನೇ ತಂದುಕೊಂಡವಲ್ಲ, ಆದರೂ ಅವನ್ನು ಬಿಡಿಸಿಕೊಳ್ಳಬೇಕಾದವಳು ನೀನೇ ಎಂಬುದು ಆ ಚಿಕಿತ್ಸೆಯ ಒಂದು ಬುನಾದಿ. ಯುಗಳಗೀತೆ ಮೊದಲ ಅರ್ಧವನ್ನು ಮಾತ್ರ ಹಾಡಿತ್ತು, ಬೈಗುಳದ ಹಾಡು ಎರಡನೇ ಅರ್ಧವನ್ನು ಕೊಡಲಿಯಾಗಿಸಿಕೊಂಡಿತ್ತು.

ಮೊದಲ ಕಂತಿನಲ್ಲಿ ಸಿಂಕಿಗೆ ಹೋದ ಮಾತ್ರೆಗಳೂ ಕೊನೆಯ ಸೀಸನ್ನಿನಲ್ಲಿ ವಾಪಸು ಬರುತ್ತವೆ. ಖಿನ್ನತೆಯ ಔಷಧಿ ಮತ್ತೆ ಶುರುಮಾಡಲು ರೆಬೆಕ್ಕಾ ಹಿಂಜರಿದಾಗ ಊರಿಗೂರೇ ಬೀದಿಗಿಳಿದು, ಇದೇನು ಮಹಾ ವಿಷಯವೇ ಎಂದು ಟ್ಯಾಪ್ ಡಾನ್ಸ್ ಮಾಡುತ್ತದೆ. 2019ರಲ್ಲಿ ಎಮಿ ಪ್ರಶಸ್ತಿ ಬಂದದ್ದು ಆ ಹಾಡಿಗೆ. ಔಷಧಿ ತಪ್ಪಿಸದೆ ತೆಗೆದುಕೊಳ್ಳುವುದನ್ನು ಹೊಣೆಗಾರಿಕೆಯ ಪಾಲಾಗಿ ನೋಡಿದ್ದು ನನಗೆ ತುಂಬ ಹಿಡಿಸಿತು. ಕಾಯಿಲೆ ಬಂದದ್ದು ಅವಳ ಕೈಯಲ್ಲಿರಲಿಲ್ಲ, ಚಿಕಿತ್ಸೆ ಬಹುಪಾಲು ಅವಳ ಕೈಯಲ್ಲಿದೆ. ವರ್ಷಗಟ್ಟಲೆ ಗಮನಿಸಿದಾಗ ಬಿಪಿಡಿ ಇರುವ ಬಹಳಷ್ಟು ಜನರ ಲಕ್ಷಣಗಳು ಇಳಿಯುತ್ತವೆ. ರೆಬೆಕ್ಕಾ ಫೋನಿನಲ್ಲಿ ಓದಿ ಹೆದರಿದ ಭವಿಷ್ಯ ಎಲ್ಲರದ್ದೂ ಅಲ್ಲ.

ಸರಣಿಯ ಮೇಲೆ ನನಗಿರುವ ತಕರಾರನ್ನೂ ಬರೆಯಬೇಕು. ಅದು ಟ್ರೆಂಟ್‌ನ ವಿಷಯದ್ದು. ರೆಬೆಕ್ಕಾ ಮಾಡಿದ್ದನ್ನೇ ಅವನೂ ಮಾಡುತ್ತಾನೆ: ಹಿಂಬಾಲಿಸುತ್ತಾನೆ, ಕದ್ದು ನೋಡುತ್ತಾನೆ, ಪ್ರೀತಿ ಎನ್ನುತ್ತಾನೆ. ಅವಳ ಕನ್ನಡಿಯಾಗಿ ಅವನನ್ನು ತಂದು ನಿಲ್ಲಿಸಿದ್ದು ಜಾಣತನ. ಆದರೆ ಅವಳ ತಲೆಯೊಳಗಿನ ಹಾಡುಗಳನ್ನೆಲ್ಲ ಕೇಳಿಸಿದ ಸರಣಿ ಅವನನ್ನು ಹೆಚ್ಚಾಗಿ ನಗೆಗೆ, ಇಲ್ಲವೇ ಭಯಕ್ಕೆ ಬಳಸಿಕೊಳ್ಳುತ್ತದೆ. ಅವನ ಎದುರು ಕೂತು ಒಂದೊಂದೇ ಲಕ್ಷಣ ಓದುವ ಅಕೋಪಿಯನ್ ಯಾರೂ ಇಲ್ಲ. ಜಾಶ್‌ನದೂ ಅರ್ಧ ಇದೇ ಪಾಡು. ಅವನ ಮನೆಗೆ ನುಗ್ಗಲಾಯಿತು, ಅವನ ಬದುಕಿನ ಸುತ್ತ ವರ್ಷಗಟ್ಟಲೆ ಸುಳ್ಳು ಹೆಣೆಯಲಾಯಿತು. ಅವನು ಮದುವೆಯ ದಿನ ಓಡಿಹೋದದ್ದು ತಪ್ಪೇ, ಆದರೆ ಅದರಿಂದ ಹಿಂದಿನ ಲೆಕ್ಕ ವಜಾ ಆಗುವುದಿಲ್ಲ. ರೆಬೆಕ್ಕಾಳಿಂದ ನಿನಗೆ ಏನೇನಾಯಿತು ಎಂದು ಯಾರಾದರೂ ಜಾಶ್‌ನನ್ನು ಕೂರಿಸಿ ಕೇಳುವ ಒಂದು ಕಂತು ಇರಬೇಕಾಗಿತ್ತು. ಅವನ ಆ ನೋವಿಗೂ ಒಂದು ಹಾಡು ಸಿಗಬೇಕಾಗಿತ್ತು.